ವೇಲ್ಸ್ ಬೆಟ್ಟಗಳಲ್ಲಿ ಒಂದು ವಾರ, ಕಾರಿಲ್ಲದೆ: ಈ ಪ್ಲಾನ್ ನಡೆಯುತ್ತಾ?

ರೀಡಿಂಗ್ ರಾಯ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ, ಶನಿವಾರದಿಂದ ಶನಿವಾರದ ತನಕ, ಉತ್ತರ ವೇಲ್ಸಿನ ಸ್ನೋಡೋನಿಯಾದಲ್ಲಿ ಬೆಟ್ಟ ಹತ್ತೋ ಯೋಚನೆ. ಹೋಗೋದು ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿರುವ ನಾನು, ನನ್ನ ಹೆಂಡತಿ, ಆಗಸ್ಟಿನಲ್ಲಿ ಊರಿಂದ ಬರುವ ಅಪ್ಪ. ಅಪ್ಪನಿಗೆ 62, ದಿನಾ ಐದಾರು ಕಿಲೋಮೀಟರ್ ನಡೀತಾರೆ, ಕುಮಾರ ಪರ್ವತ ಹತ್ತಿದವರು. ಇಳಿಯುವಾಗ ಮಾತ್ರ ಬಲ ಮಂಡಿ ತಕರಾರು. ಕಾರಿಲ್ಲ. ಮೂವರೂ ಸಸ್ಯಾಹಾರಿಗಳು.

ಸದ್ಯದ ಪ್ಲಾನ್ ಹೀಗಿದೆ: ಭಾನುವಾರ ಸ್ನೋಡನ್ (ಕ್ರಿಬ್ ಗೋಖ್ ಏಣು, ಅಂದರೆ ಬೆಟ್ಟದ ಕಿರಿದಾದ ಬೆನ್ನಿನ ಮೇಲಿಂದ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ), ಸೋಮವಾರ ಟ್ರವನ್, ಮಂಗಳವಾರ ಗ್ಲಿಡರ್, ಬುಧವಾರ ಕಾರ್ನೆಡ್ ಸಾಲು, ಗುರುವಾರ ಕಾಡೈರ್ ಇಡ್ರಿಸ್, ಶುಕ್ರವಾರ ಮೊಯೆಲ್ ಶಾಬೋಡ್. ಪ್ರತಿ ರಾತ್ರಿ ಬೇರೆ ಊರು. ಸ್ನೋಡನ್ ಬರೀ 1085 ಮೀಟರ್, ನಮ್ಮ ಮುಳ್ಳಯ್ಯನಗಿರಿ 1930. ಹಾಗಾಗಿ ದಿನಕ್ಕೊಂದು ಕಷ್ಟ ಆಗಲಾರದು ಅನ್ನೋದು ನನ್ನ ಲೆಕ್ಕ.

ಕೇಳಬೇಕಾದ್ದು: ಒಂದೇ ಕಡೆ ಉಳಿಯೋದಾ, ಊರು ಬದಲಿಸೋದಾ? ಬೆಂಗಳೂರಿನ ಪೊಂಚೊ ಸಾಕಾ? ಫೋನಿನ ಮ್ಯಾಪ್ ಸಾಕಾ? ಊಟಕ್ಕೆ ಏನು ಗತಿ?

ಕಣಿವೆ ಕಡೆಯವ

ರಾಯರೇ, ಮೊದಲು ಎತ್ತರದ ಲೆಕ್ಕ ಸರಿ ಮಾಡಿಕೊಳ್ಳಿ. ಮುಳ್ಳಯ್ಯನಗಿರಿಗೆ ಕಾರು ತುದಿಯ ಮೆಟ್ಟಿಲುಗಳ ಹತ್ತಿರದವರೆಗೂ ಹೋಗುತ್ತೆ. ಇಲ್ಲಿ ಸಮುದ್ರ ಪಕ್ಕದಲ್ಲೇ ಇದೆ, ಕಣಿವೆ ತೀರಾ ತಗ್ಗು, ಎತ್ತರದಲ್ಲಿ ಬಹುಪಾಲನ್ನು ಕಾಲಲ್ಲೇ ಹತ್ತಬೇಕು. ವಾಟ್ಕಿನ್ ದಾರಿ ಸುಮಾರು 60 ಮೀಟರಿನಿಂದ ಶುರುವಾಗುತ್ತೆ, ಅಂದರೆ ಒಂದು ಸಾವಿರ ಮೀಟರಿಗಿಂತ ಹೆಚ್ಚು ಏರು. ಮರ ಇಲ್ಲ, ನೆರಳಿಲ್ಲ, ಗಾಳಿಗೆ ತಡೆ ಇಲ್ಲ. ಕ್ರಿಬ್ ಗೋಖ್ ಸುತ್ತಮುತ್ತ ವರ್ಷಕ್ಕೆ ಸುಮಾರು 4,500 ಮಿ.ಮೀ. ಮಳೆ. ಆಗುಂಬೆಗಿಂತ ಕಡಿಮೆಯೇ, ಆದರೆ ಆಗುಂಬೆಯಲ್ಲಿ ಮಳೆಗಾಲ ಅಂತ ಒಂದಿದೆ. ಇಲ್ಲಿ ವರ್ಷಪೂರ್ತಿ ಅದೇ.

ಎರಡನೆಯದು, ವಾರಕ್ಕೆ ಬೆಟ್ಟ ಜೋಡಿಸಿ ಬೀಗ ಹಾಕಬೇಡಿ. ಭಾನುವಾರವೇ ಸ್ನೋಡನ್ ಅಂತ ನಿರ್ಧರಿಸಿ, ಆ ದಿನ ಮೋಡ ಮುಸುಕಿದರೆ ನಿಮಗೆ ಕಾಣೋದು ಮುಂದಿನವರ ಬೆನ್ನು ಮಾತ್ರ. ಊರು ನಿಗದಿ ಮಾಡಿ, ದಿನಗಳನ್ನು ಸಡಿಲ ಬಿಡಿ. ಪ್ರತಿ ರಾತ್ರಿ ಬೇರೆ ಊರಾದರೆ ಆ ಸಡಿಲವೇ ಉಳಿಯೋದಿಲ್ಲ. ಒದ್ದೆ ಬಟ್ಟೆ ಒಣಗಿಸೋಕೂ ಆಗೋಲ್ಲ.

ಕಾರಿಲ್ಲದವರಿಗೆ ಎರಡು ಠಿಕಾಣಿ ಸರಿ. ಮೊದಲ ನಾಲ್ಕು ರಾತ್ರಿ ಬೆಟುಸ್-ಅ-ಕೋಯ್ಡ್. ಲಂಡನ್ ಯೂಸ್ಟನ್‌ನಿಂದ ಹ್ಲಾನ್‌ಡಿಡ್ನೋ ಜಂಕ್ಷನ್‌ಗೆ ಸುಮಾರು ಮೂರು ಗಂಟೆ, ಅಲ್ಲಿ ಕಾನ್ವಿ ಕಣಿವೆಯ ಸಣ್ಣ ರೈಲು ಹಿಡಿದರೆ ಇನ್ನರ್ಧ ಗಂಟೆ. ಈ ಸಣ್ಣ ರೈಲು ದಿನಕ್ಕೆ ಕೆಲವೇ ಬಾರಿ. ನದಿ ಉಕ್ಕಿದರೆ ಹಳಿ ಮುಳುಗಿ ರೈಲಿನ ಬದಲು ಬಸ್ ಬಿಡ್ತಾರೆ. ಹೊರಡುವ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ.

ಶನಿವಾರ ಬೇಗ ತಲುಪಿದರೆ ಚರ್ಚಿನ ಹಿಂದಿನ ಕಾಡುದಾರಿಯಲ್ಲಿ ಹ್ಲಿನ್ ಎಲ್ಸಿ ಕೆರೆಗೆ ಹೋಗಿ ಬನ್ನಿ. ಇನ್ನೂರು ಮೀಟರ್ ಏರು, ಕಾಲಿಗೂ ಬೂಟಿಗೂ ಪರೀಕ್ಷೆ. ಆಮೇಲಿನ ಮೂರು ದಿನಕ್ಕೆ ಮೂರು ನಡಿಗೆ ಇಟ್ಟುಕೊಳ್ಳಿ, ಯಾವುದು ಯಾವತ್ತು ಅನ್ನೋದನ್ನು ಹಿಂದಿನ ಸಂಜೆ ಮುನ್ಸೂಚನೆ ನೋಡಿ ತೀರ್ಮಾನಿಸಿ.

ಆಕಾಶ ತಿಳಿಯಾದ ದಿನ ಸ್ನೋಡನ್. ಈಗ ರಾಷ್ಟ್ರೀಯ ಉದ್ಯಾನದವರು ವೆಲ್ಷ್ ಹೆಸರನ್ನೇ ಬಳಸ್ತಾರೆ: ಬೆಟ್ಟ ‘ಅರ್ ವಿದ್ವಾ’, ಸೀಮೆ ‘ಎರರಿ’. ಬೋರ್ಡುಗಳಲ್ಲೂ ಅದೇ ಇರುತ್ತೆ. ಶೆರ್ಪಾ ಬಸ್ಸಿನಲ್ಲಿ ಪೆನ್-ಅ-ಪಾಸ್‌ಗೆ ಹೋಗಿ. ಅದೇ 359 ಮೀಟರಿನಲ್ಲಿದೆ, ಮೂರನೇ ಒಂದು ಭಾಗ ಬಸ್ಸೇ ಹತ್ತಿಸುತ್ತೆ. ಅಲ್ಲಿನ ಕಾರ್ ಪಾರ್ಕಿಂಗ್ ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ, ಆ ಮಟ್ಟಿಗೆ ಕಾರಿಲ್ಲದ ನೀವೇ ಗೆದ್ದಿರಿ. ಪಿಗ್ ದಾರಿಯಲ್ಲಿ ಹತ್ತಿ. ಹೋಗಿ ಬರೋದು 11 ಕಿ.ಮೀ., ಆರು ಗಂಟೆ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಮಾತ್ರ ಬೇಡ, ತುದಿಯ ಕಲ್ಲು ಮುಟ್ಟೋಕೂ ಸಾಲು ನಿಂತಿರುತ್ತೆ.

ಗಾಳಿ ಕಡಿಮೆ ಇದ್ದು ಸ್ವಲ್ಪ ಮೋಡ ಇರುವ ದಿನ ಮೊಯೆಲ್ ಶಾಬೋಡ್, 872 ಮೀಟರ್. ಕ್ಯಾಪೆಲ್ ಕಿರಿಗ್ ದಾಟುವ ಮೊದಲೇ ಪಾಂಟ್ ಕವಿಂಗ್ ಸೇತುವೆ ಹತ್ತಿರ ಇಳಿಯಿರಿ. ಹಳೇ ಸ್ಲೇಟು ಕಲ್ಲಿನ ಗಣಿ, ನೀರು ತುಂಬಿದ ಕಪ್ಪು ಗುಂಡಿ, ಆಮೇಲೆ ಹ್ಲಿನ್ ಅ ವೋಯೆಲ್ ಕೆರೆ. ಅಲ್ಲಿಂದ ಡೈಯರ್ ದೀ ಏಣಿನಲ್ಲಿ ಕೈ ಊರಿ ಹತ್ತೋದು. ಬಂಡೆ ಒಣಗಿದ್ದರೆ ಮಾತ್ರ. ಒದ್ದೆ ಇದ್ದರೆ ಕ್ಯಾಪೆಲ್ ಕಿರಿಗ್ ಕಡೆಯ ಹುಲ್ಲಿನ ಏಣಿನಲ್ಲೇ ಹೋಗಿ ಬನ್ನಿ.

ಮಳೆ ದಿನಕ್ಕೆ ಕುಮ್ ಇಡ್ವಾಲ್. ಟಿ10 ಬಸ್ಸಿನಲ್ಲಿ ಓಗ್ವೆನ್ ಹತ್ತಿರ ಇಳಿದರೆ ಕೆರೆ ಸುತ್ತಿ ಬರೋದು ಸುಮಾರು 5 ಕಿ.ಮೀ., ಬಹುಪಾಲು ಚಪ್ಪಡಿ ಹಾಸಿದ ದಾರಿ. ವೇಲ್ಸಿನ ಮೊದಲ ರಾಷ್ಟ್ರೀಯ ನಿಸರ್ಗಧಾಮ ಇದು, 1954ರಲ್ಲಿ ಘೋಷಣೆಯಾದದ್ದು. ಡಾರ್ವಿನ್ 1831ರಲ್ಲಿ ಇಲ್ಲಿ ಬಂದು ಕಲ್ಲಿನಲ್ಲಿ ಚಿಪ್ಪು ಹುಡುಕಿ ಹೋದ, ಹಿಮನದಿ ಕೊರೆದ ಗುರುತು ಕಣ್ಣೆದುರೇ ಇದ್ದರೂ ಗಮನಿಸಲಿಲ್ಲ. 1842ರಲ್ಲಿ ಮತ್ತೆ ಬಂದಾಗ ಅದೇ ಗುರುತು ಎದ್ದು ಕಂಡಿತು. ಅಪ್ಪನವರಿಗೆ ಈ ಜಾಗ ತೋರಿಸದೆ ಬರಬೇಡಿ. ಹಿಂಬದಿಯ ಗೋಡೆಯಲ್ಲಿ ಬಾಯಿ ಬಿಟ್ಟಿರುವ ‘ಸೈತಾನನ ಅಡುಗೆಮನೆ’ಯನ್ನು ಕೆಳಗಿಂದ ನೋಡಿದರೆ ಸಾಕು.

ಬುಧವಾರ ಊರು ಬದಲಿಸಿ. ಅದೇ ಸಣ್ಣ ರೈಲಿನಲ್ಲಿ ಬ್ಲೈನೈ ಫೆಸ್ಟಿನಿಯೋಗ್, ಅಲ್ಲಿಂದ ಫೆಸ್ಟಿನಿಯೋಗ್‌ನ ಹಬೆ ರೈಲಿನಲ್ಲಿ ಪೋರ್ಥ್‌ಮಾಡೋಗ್, ಅಲ್ಲಿಂದ ಟಿ2 ಬಸ್ಸಿನಲ್ಲಿ ಡೊಲ್ಗೆಹ್ಲೈ. ಆ ಹಬೆ ರೈಲಿನದು ಸ್ಲೇಟು ಸಾಗಿಸೋಕೆ ಹಾಕಿದ್ದ ಹಳಿ, ಒಂದು ಗಂಟೆಗೂ ಸ್ವಲ್ಪ ಹೆಚ್ಚು, ಕಾಲಿಗೆ ವಿಶ್ರಾಂತಿ. ಗುರುವಾರ ಕಾಡೈರ್ ಇಡ್ರಿಸ್, 893 ಮೀಟರ್, ಪೋನಿ ದಾರಿಯಲ್ಲಿ. ಆರಂಭದ ಜಾಗ ಟೀ ನಾಂಟ್, ಅದು ಡೊಲ್ಗೆಹ್ಲೈನಿಂದ ಸುಮಾರು 5 ಕಿ.ಮೀ., ಬೆಳಿಗ್ಗೆ ಟ್ಯಾಕ್ಸಿ ಹಿಂದಿನ ದಿನವೇ ಹೇಳಿಡಿ. ತುದಿಯಲ್ಲಿ ಕಲ್ಲಿನ ಗುಡಿಸಲಿದೆ, ಗಾಳಿಯಿಂದ ತಪ್ಪಿಸಿಕೊಂಡು ಬುತ್ತಿ ಬಿಚ್ಚಬಹುದು. ಆ ಬೆಟ್ಟದ ಮೇಲೆ ಒಂದು ರಾತ್ರಿ ಮಲಗಿದವರು ಕವಿಯಾಗಿ ಇಲ್ಲವೇ ಹುಚ್ಚರಾಗಿ ಏಳ್ತಾರೆ ಅಂತ ಅಲ್ಲಿನವರ ಮಾತು. ತುದಿಯಿಂದ ಉತ್ತರಕ್ಕೆ ‘ನರಿ ದಾರಿ’ ಅಂತ ಒಂದು ನೇರ ಇಳಿಜಾರು ನಕ್ಷೆಯಲ್ಲಿ ಹತ್ತಿರದ ದಾರಿಯ ಹಾಗೆ ಕಾಣುತ್ತೆ. ಅದರಲ್ಲಿ ಇಳಿಯಬೇಡಿ. ಪೂರ್ತಿ ಸಡಿಲ ಕಲ್ಲಿನ ರಾಶಿ, ಕಾಲಿಟ್ಟರೆ ಕಲ್ಲೂ ನೀವೂ ಒಟ್ಟಿಗೆ ಜಾರ್ತೀರಿ.

ಶುಕ್ರವಾರ ಮೌದಖ್ ದಾರಿ. ಮುಚ್ಚಿಹೋದ ರೈಲು ಹಳಿಯ ಮೇಲೆ ನದಿ ಪಕ್ಕದಲ್ಲಿ ಸುಮಾರು 15 ಕಿ.ಮೀ., ಪೂರ್ತಿ ಸಪಾಟು, ಕೊನೆಗೆ 1867ರ ಮರದ ಸೇತುವೆ ದಾಟಿ ಬಾರ್ಮತ್. ರಾತ್ರಿ ಅಲ್ಲೇ ಉಳಿದರೆ ಶನಿವಾರ ಅದೇ ಊರಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲು, ಅಲ್ಲಿಂದ ರೀಡಿಂಗ್‌ಗೆ ನೇರ ರೈಲು. ಬಂದ ದಾರಿಯಲ್ಲೇ ಹಿಂದೆ ಹೋಗೋ ಅಗತ್ಯ ಇಲ್ಲ.

ಟ್ರವನ್, ಕ್ರಿಬ್ ಗೋಖ್ ಎರಡನ್ನೂ ಪಟ್ಟಿಯಿಂದ ತೆಗೆಯಿರಿ. ಟ್ರವನ್‌ನಲ್ಲಿ ಯಾವ ಕಡೆಯಿಂದ ಹೋದರೂ ಕೈ ಬಳಸದೆ ತುದಿ ಮುಟ್ಟೋಕೆ ಆಗೋಲ್ಲ. ಕ್ರಿಬ್ ಗೋಖ್ ಕತ್ತಿ ಅಲಗಿನಂಥ ಏಣು, ಮಧ್ಯದಲ್ಲಿ ಮನಸ್ಸು ಬದಲಿಸಿದರೆ ಇಳಿಯೋಕೆ ಪಕ್ಕದ ದಾರಿ ಅಂತ ಇಲ್ಲ.

ದಿಕ್ಕುಗಾರ

ಮೇಲಿನವರ ಪ್ಲಾನ್ ಚೆನ್ನಾಗಿದೆ. ಕಾಡೈರ್‌ಗೆ ಗುರುವಾರ ಒಂದೇ ದಿನ ಬಿಟ್ಟಿದ್ದಾರೆ, ಅದು ನನಗೆ ಒಪ್ಪಿಗೆ ಇಲ್ಲ. ಗುರುವಾರ, ಶುಕ್ರವಾರ ಎರಡನ್ನೂ ಅದಲುಬದಲು ಮಾಡುವ ಹಾಗೆ ಇಟ್ಟುಕೊಂಡು ಮೂರು ರಾತ್ರಿಯೂ ಡೊಲ್ಗೆಹ್ಲೈನಲ್ಲೇ ಉಳಿಯಿರಿ. ಬಾರ್ಮತ್‌ನಿಂದ ವಾಪಸು ಟಿ3 ಬಸ್ಸಿದೆ.

ಪೊಂಚೊ ಮನೆಯಲ್ಲೇ ಬಿಟ್ಟು ಬನ್ನಿ. ಗಾಳಿಗೆ ಅದು ಹಾಯಿಯಾಗುತ್ತೆ, ಮುಖಕ್ಕೆ ಸುತ್ತಿಕೊಂಡು ಕಾಲಿಡುವ ಜಾಗ ಕಾಣೋಲ್ಲ. ಛತ್ರಿಯ ಮಾತೇ ಬೇಡ. ಬೇಕಾದ್ದು ಹೊಲಿಗೆಗಳಿಗೆ ಒಳಗಿಂದ ಟೇಪ್ ಹಾಕಿದ, ನೀರು ತಡೆಯುವ ಮಟ್ಟ ಕನಿಷ್ಠ 10,000 ಮಿ.ಮೀ. ಅಂತ ನಮೂದಾಗಿರುವ ಜಾಕೆಟ್, ಅದರ ಜೊತೆಗೆ ಅದೇ ಥರದ ಮೇಲ್‌ಪ್ಯಾಂಟು. ಮೇಲ್‌ಪ್ಯಾಂಟಿನ ಕಾಲಿಗೆ ಪಕ್ಕದಲ್ಲಿ ಉದ್ದ ಜಿಪ್ ಇರಲಿ. ಇಲ್ಲದಿದ್ದರೆ ಮಳೆಯಲ್ಲಿ ಒಂಟಿ ಕಾಲಲ್ಲಿ ನಿಂತು ಬೂಟು ಬಿಚ್ಚಬೇಕಾಗುತ್ತೆ, ಹಾಗಾಗಿ ಜನ ಹಾಕಿಕೊಳ್ಳೋದನ್ನೇ ಮುಂದೂಡ್ತಾರೆ, ಅಷ್ಟರಲ್ಲಿ ತೊಡೆ ನೆನೆದಿರುತ್ತೆ.

ಜೀನ್ಸ್, ಕಾಟನ್ ಬನಿಯನ್ ಬೇಡ. ಹತ್ತಿ ನೀರು ಹಿಡಿದಿಟ್ಟುಕೊಳ್ಳುತ್ತೆ, ಗಾಳಿ ಬೀಸಿದಾಗ ಆ ನೀರು ಆರೋಕೆ ಮೈಯ ಶಾಖವನ್ನೇ ಎಳೆಯುತ್ತೆ. ಎತ್ತರ 150 ಮೀಟರ್ ಏರಿದಂತೆ ಸುಮಾರು ಒಂದು ಡಿಗ್ರಿ ಇಳಿಯುತ್ತೆ ಅಂತ ಲೆಕ್ಕ ಹಿಡಿಯಿರಿ. ಬೆಟುಸ್‌ನಲ್ಲಿ 15 ಡಿಗ್ರಿ ಇದ್ದರೆ ಸ್ನೋಡನ್ ತುದಿಯಲ್ಲಿ 8, ಗಾಳಿ ಸೇರಿದರೆ ಮೈಗೆ ತಟ್ಟೋದು ಸೊನ್ನೆಯ ಹತ್ತಿರ. ಸೆಪ್ಟೆಂಬರ್ ಆದರೂ ಉಣ್ಣೆ ಟೋಪಿ, ಕೈಗವಸು ಪ್ರತಿಯೊಬ್ಬರ ಚೀಲದಲ್ಲೂ ಇರಲಿ. ಚೀಲದ ಮೇಲೆ ಹಾಕುವ ಮಳೆ ಹೊದಿಕೆಯನ್ನು ನಂಬಬೇಡಿ, ಗಾಳಿಗೆ ಹಾರಿಹೋಗುತ್ತೆ. ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ.

ಮುನ್ಸೂಚನೆ ನೋಡುವಾಗ ಊರಿನ ಹವಾಮಾನ ಬೇಡ. ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸಿನ ಪರ್ವತ ಮುನ್ಸೂಚನೆ ಬೇರೆಯೇ ಇದೆ. ಮಳೆಗಿಂತ ಮೊದಲು ಗಾಳಿ ನೋಡಿ. ಬೀಸು ಗಂಟೆಗೆ 40 ಮೈಲಿ ದಾಟಿದರೆ ಅವತ್ತು ಕುಮ್ ಇಡ್ವಾಲ್, ಚರ್ಚೆ ಬೇಡ.

ಸಮಯದ ಲೆಕ್ಕ: ಸಪಾಟಿನಲ್ಲಿ ಗಂಟೆಗೆ 5 ಕಿ.ಮೀ., ಅದಕ್ಕೆ ಪ್ರತಿ 10 ಮೀಟರ್ ಏರಿಗೆ ಒಂದು ನಿಮಿಷ ಕೂಡಿಸಿ. ನೈಸ್ಮಿತ್ ಅನ್ನುವವರು 1892ರಲ್ಲಿ ಕೊಟ್ಟ ಸೂತ್ರ, ಇನ್ನೂ ನಡೀತಿದೆ. ಪಿಗ್ ದಾರಿಯ ಏರು 5.5 ಕಿ.ಮೀ., ಎತ್ತರ 726 ಮೀಟರ್: 66 ನಿಮಿಷ ಮತ್ತು 73 ನಿಮಿಷ, ಒಟ್ಟು ಎರಡು ಗಂಟೆ ಇಪ್ಪತ್ತು. ಇದರಲ್ಲಿ ನಿಂತದ್ದು, ತಿಂದದ್ದು, ಫೋಟೋ ಯಾವುದೂ ಇಲ್ಲ. ಮೂರು ಗಂಟೆ ಹಿಡಿಯಿರಿ. ಇಳಿಯೋಕೆ ಎರಡೂವರೆ, ಮಂಡಿ ನೋವಿನವರಿಗೆ ಏರಿದಷ್ಟೇ. ಆ ವಾರ ಸೂರ್ಯ ಮುಳುಗೋದು ಏಳೂವರೆ ಹೊತ್ತಿಗೆ. ಮಧ್ಯಾಹ್ನ ಒಂದೂವರೆಯೊಳಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಹೆಡ್ ಟಾರ್ಚ್ ಮೂವರಿಗೂ ಒಂದೊಂದು. ಫೋನಿನ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು.

ಮ್ಯಾಪಿನ ವಿಷಯ. ಗೂಗಲ್ ಮ್ಯಾಪಿನಲ್ಲಿ ದಾರಿಯ ಗೆರೆ ಸಿಗಬಹುದು, ಅದು ಪ್ರಪಾತದ ಅಂಚಾ, ಹುಲ್ಲಾ ಅಂತ ಗೊತ್ತಾಗೋಲ್ಲ. ಆರ್ಡ್‌ನೆನ್ಸ್ ಸರ್ವೆ ಅನ್ನುವ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯ 1:25,000 ನಕ್ಷೆ ತಗೊಳ್ಳಿ: ಸ್ನೋಡನ್, ಶಾಬೋಡ್, ಓಗ್ವೆನ್‌ಗೆ ಓಎಲ್17, ಕಾಡೈರ್‌ಗೆ ಓಎಲ್23. ನಕ್ಷೆಯಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಅವರದ್ದೇ ಆ್ಯಪಿನಲ್ಲಿ ಆ ಪ್ರದೇಶವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಕಣಿವೆಗಳಲ್ಲಿ ಸಿಗ್ನಲ್ ಇರೋಲ್ಲ. ಕಾಗದದ ನಕ್ಷೆಯೂ ದಿಕ್ಸೂಚಿಯೂ ಜೊತೆಗಿರಲಿ. ಬಳಸೋದು ಹೀಗೆ: ದಿಕ್ಸೂಚಿಯ ಉದ್ದ ಅಂಚನ್ನು ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಸೇರಿಸಿ, ಬಾಣ ಹೋಗಬೇಕಾದ ಕಡೆಗೇ ಇರಲಿ (ತಿರುಗುಮುರುಗಾದರೆ 180 ಡಿಗ್ರಿ ತಪ್ಪು, ಎಲ್ಲರೂ ಮಾಡುವ ತಪ್ಪು ಇದೇ). ಬಟ್ಟಲನ್ನು ತಿರುಗಿಸಿ ಒಳಗಿನ ಗೆರೆಗಳನ್ನು ನಕ್ಷೆಯ ಉದ್ದಗೆರೆಗಳಿಗೆ ಸಮ ಮಾಡಿ. ಆಮೇಲೆ ನಕ್ಷೆ ಪಕ್ಕಕ್ಕಿಟ್ಟು, ದಿಕ್ಸೂಚಿಯನ್ನು ಎದೆಯ ಹತ್ತಿರ ಸಪಾಟಾಗಿ ಹಿಡಿದು, ಕೆಂಪು ಮುಳ್ಳು ಬಟ್ಟಲಿನ ಕೆಂಪು ಗುರುತಿನೊಳಗೆ ಬರುವ ತನಕ ನೀವೇ ತಿರುಗಿ. ಬಾಣ ತೋರಿಸೋದೇ ದಾರಿ. ಫೋನನ್ನು ಅದರ ಹತ್ತಿರ ತರಬೇಡಿ, ಮುಳ್ಳು ಅಲುಗುತ್ತೆ. ಮನೆ ಹತ್ತಿರದ ಪಾರ್ಕಿನಲ್ಲಿ ಹತ್ತು ಸಲ ಮಾಡಿ ನೋಡಿ, ಮಂಜಿನಲ್ಲಿ ಕಲಿಯೋಕೆ ಹೋಗಬೇಡಿ.

ಪಿಗ್ ದಾರಿಯಲ್ಲಿ ಜನ ತಪ್ಪೋದು ಎರಡೇ ಜಾಗದಲ್ಲಿ. ಹತ್ತುವಾಗ ಬುಲ್ಖ್ ಅ ಮೋಖ್ ಅನ್ನುವ ಕಣಿವೆಬಾಯಿ. ಅಲ್ಲಿ ಬಲಕ್ಕೆ ಏರುವ ದಾರಿ ಕ್ರಿಬ್ ಗೋಖ್‌ಗೆ, ನಿಮ್ಮದು ನೇರ ಮುಂದೆ. ಮುಂದಿನವರು ಹೋದರು ಅಂತ ಹಿಂಬಾಲಿಸಿದವರೇ ಏಣಿನ ಮೇಲೆ ಸಿಕ್ಕಿಕೊಳ್ಳೋದು. ಇಳಿಯುವಾಗ ಬುಲ್ಖ್ ಗ್ಲಾಸ್. ಸ್ನೋಡನ್ ತುದಿಯ ತನಕ ಹ್ಲಾನ್‌ಬೆರಿಸ್ ಊರಿಂದ ಬೆಟ್ಟದ ರೈಲು ಬರುತ್ತೆ. ತುದಿಯಿಂದ ಆ ಹಳಿಯ ಪಕ್ಕದಲ್ಲೇ ಕೆಳಗೆ ಬರ್ತಾ ಇದ್ದರೆ ಒಂದು ಎತ್ತರದ ನಿಲುಗಲ್ಲು ಸಿಗುತ್ತೆ, ಅಲ್ಲಿ ಬಲಕ್ಕೆ, ಪೂರ್ವಕ್ಕೆ ಇಳಿಯೋದು ಪಿಗ್. ಕಲ್ಲು ತಪ್ಪಿಸಿ ಹಳಿಯನ್ನೇ ಹಿಡಿದು ಹೋದರೆ ಹ್ಲಾನ್‌ಬೆರಿಸ್ ತಲುಪ್ತೀರಿ. ಅದು ಅಪಾಯವಲ್ಲ, ಬಸ್ ತಪ್ಪುತ್ತೆ ಅಷ್ಟೇ. ಹಳಿ ದಾಟಿ ಪಶ್ಚಿಮಕ್ಕೆ ಇಳಿದರೆ ಮಾತ್ರ ಬೆಟ್ಟದ ಆಚೆ ಬದಿಯ ಇನ್ನೊಂದು ಕಣಿವೆಗೆ ಹೋಗಿಬಿಡ್ತೀರಿ.

ಶೇಂಗಾ ಹೋಳಿಗಿ

ಬೂಟು ನಕ್ಷಾ ಎಲ್ಲಾ ಆತು, ಹೊಟ್ಟಿ ಬಗ್ಗೆ ಯಾರೂ ಬರೀಲಿಲ್ಲಲ್ರಿ.

ರಾಯರ, ಅಡಿಗಿಮನಿ ಇರೋ ಹಾಸ್ಟೆಲ್ ಇಲ್ಲಾ ಕಾಟೇಜ್ ಹಿಡೀರಿ. ಬೆಟುಸ್‌ನ್ಯಾಗ ಸಣ್ಣ ಅಂಗಡಿ ಅದಾವ, ಅಕ್ಕಿ ಬ್ರೆಡ್ಡು ಮೊಸರು ತರಕಾರಿ ಸಿಗ್ತಾವ. ತೊಗರಿಬೇಳಿ, ಸಾರಿನ ಪುಡಿ, ಅವಲಕ್ಕಿ ರೀಡಿಂಗಿಂದನ ಕಟ್ಕೊಂಡು ಹೋಗ್ರಿ. ನಿಮ್ಮ ತಂದೆಯವ್ರು ಊರಿಂದ ತರೋದಾದ್ರ ಒಂದ್ ಮಾತು: ಭಾರತದಿಂದ ಹಾಲಿನ ಪದಾರ್ಥ ಇಲ್ಲಿ ತರೋ ಹಂಗಿಲ್ಲ. ತುಪ್ಪ, ಪೇಡಾ, ಕುಂದಾ ಎಲ್ಲಾ ವಿಮಾನ ನಿಲ್ದಾಣದಾಗ ತಗದು ಒಗೀತಾರ. ಶೇಂಗಾ ಚಿಕ್ಕಿ, ಚಟ್ನಿಪುಡಿ ಆದ್ರ ತಕರಾರಿಲ್ಲ. ಖಡಕ್ ರೊಟ್ಟಿ ಬೆಟ್ಟಕ್ಕ ಒಯ್ಯಬ್ಯಾಡ್ರಿ, ಚೀಲದಾಗ ಪುಡಿ ಆಗ್ತೈತಿ, ಮ್ಯಾಲೆ ನೀರೂ ಬೇಡ್ತೈತಿ. ಚಪಾತಿಗೆ ಚಟ್ನಿ ಹಚ್ಚಿ ಸುರುಳಿ ಸುತ್ತಿ ಕಾಗದದಾಗ ಕಟ್ರಿ. ಕೈಗವಸು ತಗೀದನ ತಿನ್ನಾಕ ಬರಬೇಕು, ಅದ ಪರೀಕ್ಷಾ.

ಹೊರಗ ತಿನ್ನೋ ಮುಂದ ಕಣ್ಣು ತೆರದಿರ್ರಿ. ವೆಲ್ಷ್ ರೇರ್‌ಬಿಟ್ ಅಂದ್ರ ಬ್ರೆಡ್ಡಿನ ಮ್ಯಾಲೆ ಚೀಸ್, ನೋಡಾಕ ಸಸ್ಯಾಹಾರನ. ಆದ್ರ ಅದಕ್ಕ ಹಾಕೋ ವುಸ್ಟರ್ ಸಾಸಿನ್ಯಾಗ ಮೀನ ಇರ್ತೈತಿ. ವೆಲ್ಷ್ ಕೇಕು ಹಳೇ ಪದ್ಧತಿಗೆ ಹಂದಿ ಕೊಬ್ಬಿನಾಗ ಮಾಡ್ತಾರ, ಕೇಳಿ ತಿನ್ರಿ. ಗ್ಲಮಾರ್ಗನ್ ಸಾಸೇಜ್ ಹೆಸರಿಗಷ್ಟ ಸಾಸೇಜು, ಒಳಗ ಚೀಸು ಮತ್ತ ಲೀಕ್ ಅನ್ನೋ ಈರುಳ್ಳಿ ಜಾತಿ ಸೊಪ್ಪು. ಮಾಂಸ ಇರೂದಿಲ್ಲ, ಆದ್ರ ತತ್ತಿ ಹಾಕಿರಬಹುದು, ಕೇಳಿ ತಿನ್ರಿ. ಬೆಟ್ಟ ಹತ್ತೋರು ಕಿಸೆದಾಗ ಇಟ್ಕೊಳ್ಳೋ ಜೆಲ್ಲಿ ಮಿಠಾಯಿ ಬಹಳಷ್ಟಕ್ಕ ಜೆಲಾಟಿನ್ ಹಾಕಿರ್ತಾರ. ಅದರ ಬದಲಿ ಕೆಂಡಲ್ ಮಿಂಟ್ ಕೇಕ್ ತಗೋರಿ, ಸಕ್ಕರಿ ಗ್ಲೂಕೋಸು ಪುದೀನಾ ಎಣ್ಣಿ ಅಷ್ಟ.

ನೀರು ಒಬ್ಬೊಬ್ಬರಿಗೆ ಎರಡು ಲೀಟರ್. ಹಳ್ಳದ ನೀರು ಎಷ್ಟ ತಿಳಿ ಇದ್ರೂ ಮ್ಯಾಲೆ ಕುರಿ ಇರ್ತಾವ, ಹಂಗ ಕುಡೀಬ್ಯಾಡ್ರಿ. ಸ್ನೋಡನ್ ತುದಿ ಮ್ಯಾಲಿನ ಕೆಫೆ ನಂಬಿ ಹೋಗಬ್ಯಾಡ್ರಿ, ಗಾಳಿ ಜೋರಾಗಿ ರೈಲು ಮ್ಯಾಲೆ ಬರಲಿಲ್ಲ ಅಂದ್ರ ಅದೂ ಬಾಗಿಲಾ ಹಾಕಿರ್ತೈತಿ, ಶೌಚಾಲಯನೂ ಬಂದ್.

ರೀಡಿಂಗ್ ರಾಯ

ಬಹಳ ಉಪಕಾರ. ಕ್ರಿಬ್ ಗೋಖ್, ಟ್ರವನ್ ಎರಡೂ ಕೈಬಿಟ್ಟೆ. ಎರಡು ಠಿಕಾಣಿ, ಬುಧವಾರ ಊರು ಬದಲು, ಒಪ್ಪಿಗೆ.

ಇನ್ನು ನಾಲ್ಕು ಪ್ರಶ್ನೆ. ಅಪ್ಪನ ಮಂಡಿಗೆ ಸ್ನೋಡನ್‌ನಿಂದ ಇಳಿಯೋಕೆ ಯಾವ ದಾರಿ ಒಳ್ಳೆಯದು? ತುದಿಯಿಂದ ರೈಲಿನಲ್ಲಿ ಇಳಿಸಬಹುದಾ? ಏನಾದರೂ ಆದರೆ ಯಾರಿಗೆ ಫೋನ್ ಮಾಡೋದು? ಅಪ್ಪ ಊರಿನಿಂದ ತಮ್ಮ ಹಳೇ ಚಾರಣದ ಬೂಟು ತರ್ತಾರಂತೆ, ಹನ್ನೆರಡು ವರ್ಷದ್ದು, ಹೆಚ್ಚು ಬಳಸಿಲ್ಲ, ಹೊಸದರ ಹಾಗೇ ಇದೆ ಅಂತಾರೆ. ಅದು ನಡೆಯುತ್ತಾ?

ಕಣಿವೆ ಕಡೆಯವ

ರೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೇಲಿಂದ ಇಳಿಯುವ ಟಿಕೆಟ್ಟು ಸೀಟು ಖಾಲಿ ಇದ್ದರೆ ಮಾತ್ರ. ಹೋಗಿ ಬರೋಕೆ ಕಾಯ್ದಿರಿಸಿದವರಿಂದಲೇ ಗಾಡಿ ತುಂಬಿರುತ್ತೆ. ಗಾಳಿ ಜೋರಿದ್ದರೆ ತುದಿಗೂ ಬರದೆ, ಕೆಳಗಿನ ನಿಲ್ದಾಣ ಕ್ಲೋಗ್ವಿನ್‌ನಲ್ಲೇ ನಿಂತು ಹಿಂದಿರುಗುತ್ತೆ.

ಪಿಗ್‌ನಲ್ಲಿ ಹತ್ತಿ ಹ್ಲಾನ್‌ಬೆರಿಸ್ ದಾರಿಯಲ್ಲಿ ಇಳಿಯಿರಿ. ಪಿಗ್‌ನ ದೊಡ್ಡ ಕಲ್ಲುಮೆಟ್ಟಿಲು ಹತ್ತೋಕೆ ಸಲೀಸು, ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಇಡೀ ಮೈಭಾರ ಬಾಗಿದ ಮಂಡಿಯ ಮೇಲೆ ಬೀಳುತ್ತೆ. ಹ್ಲಾನ್‌ಬೆರಿಸ್ ದಾರಿ ಆರಕ್ಕಿಂತ ಹೆಚ್ಚು ಕಿಲೋಮೀಟರ್ ಇಳಿಜಾರು, ಉದ್ದ, ಬೇಜಾರು ಹಿಡಿಸುತ್ತೆ, ಆದರೆ ಏರಿಳಿತ ನಿಧಾನ. ಒಟ್ಟು ಸುಮಾರು 12.5 ಕಿ.ಮೀ. ಆಗುತ್ತೆ. ಹ್ಲಾನ್‌ಬೆರಿಸ್‌ನಿಂದ ಶೆರ್ಪಾ ಬಸ್ಸಿನಲ್ಲಿ ಪೆನ್-ಅ-ಪಾಸ್ ಮೇಲಾಗಿ ವಾಪಸು. ಕೊನೆಯ ಬಸ್ಸಿನ ಸಮಯದ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಕೊನೆಯದರ ಹಿಂದಿನ ಬಸ್ಸಿಗೆ ಗುರಿ ಇಡಿ.

ಊರುಗೋಲು ಎರಡೂ ಇರಲಿ, ಒಂದಲ್ಲ. ಏರುವಾಗ ಮೊಣಕೈ ಲಂಬಕೋನದಲ್ಲಿರುವಷ್ಟು ಉದ್ದ, ಇಳಿಯುವಾಗ ಅದಕ್ಕಿಂತ 5ರಿಂದ 10 ಸೆಂ.ಮೀ. ಹೆಚ್ಚು. ಕೋಲು ಮೊದಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ನೋವಿರುವ ಕಾಲು, ಆಮೇಲೆ ಇನ್ನೊಂದು. ಕೈ ಬಳಸುವ ಬಂಡೆಯ ಜಾಗದಲ್ಲಿ ಕೋಲು ಮಡಚಿ ಚೀಲಕ್ಕೆ ಸಿಕ್ಕಿಸಿ. ಕೊರಳಪಟ್ಟಿಯ ಹಾಗೆ ಮಣಿಕಟ್ಟಿಗೆ ಬಿಗಿದ ದಾರ ಇಳಿಜಾರಿನಲ್ಲಿ ಬೇಡ, ಕೋಲು ಕಲ್ಲಿನ ಸಂದಿಯಲ್ಲಿ ಸಿಕ್ಕಿದರೆ ಭುಜ ಎಳೆಯುತ್ತೆ. ಬೇಲಿ ದಾಟುವ ಕಡೆ ಏಣಿಯ ಥರದ ಮರದ ಮೆಟ್ಟಿಲಿರುತ್ತೆ, ಕರಾವಳಿಯಲ್ಲಿ ತಡಮೆ ಅಂತಾರಲ್ಲ, ಅದರ ಅಣ್ಣ. ಮಳೆಯಲ್ಲಿ ಬೆಣ್ಣೆ ಸವರಿದ ಹಾಗಿರುತ್ತೆ. ಅಪ್ಪನವರು ಏಣಿ ಇಳಿಯುವ ಹಾಗೆ ಬೆನ್ನು ಮುಂದಾಗಿ ಇಳಿಯಲಿ.

ದಿಕ್ಕುಗಾರ

ತುರ್ತಿಗೆ 999 ಅಥವಾ 112. ಮೊದಲು ‘ಪೊಲೀಸ್’ ಕೇಳಿ, ಅವರು ಬಂದ ಮೇಲೆ ‘ಮೌಂಟನ್ ರೆಸ್ಕ್ಯೂ’ ಅನ್ನಿ. ನೇರ ಆಂಬುಲೆನ್ಸ್ ಕೇಳಿದರೆ ರಸ್ತೆಯ ವಿಳಾಸ ಹೇಳೋದರಲ್ಲೇ ಹೊತ್ತು ಹೋಗುತ್ತೆ. ಹೇಳಬೇಕಾದ್ದು: ನೀವಿರುವ ಜಾಗ ತಿಳಿಸುವ ನಕ್ಷೆಯ ಗ್ರಿಡ್ ಸಂಖ್ಯೆ (ಆ್ಯಪ್ ತೋರಿಸುತ್ತೆ), ಎಷ್ಟು ಜನ, ಏನು ಪೆಟ್ಟು, ಮೈಮೇಲೆ ಏನು ಬಟ್ಟೆ, ಫೋನಿನಲ್ಲಿ ಎಷ್ಟು ಚಾರ್ಜು. ಹೇಳಿದ ಮೇಲೆ ಜಾಗ ಬಿಟ್ಟು ಕದಲಬೇಡಿ. ಮಾತಿಗೆ ಸಿಗ್ನಲ್ ಸಾಲದಿದ್ದರೂ ಮೆಸೇಜು ಹೋಗಬಹುದು, ಆದರೆ ಅದಕ್ಕೆ ಮೊದಲೇ ನೋಂದಾಯಿಸಿರಬೇಕು. ‘ರಿಜಿಸ್ಟರ್’ ಅಂತ ಇಂಗ್ಲಿಷಿನಲ್ಲಿ 999ಕ್ಕೆ ಮೆಸೇಜು ಕಳಿಸಿ, ಬರುವ ಉತ್ತರದಲ್ಲಿ ಹೇಳಿದಂತೆ ಮಾಡಿ. ಇವತ್ತೇ ಮೂರು ಫೋನಿಗೂ ಮಾಡಿಬಿಡಿ. ಫೋನೇ ಸತ್ತರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಸುಮ್ಮನೆ, ಮತ್ತೆ ಆರು. ಮೂರು ಸಲ ಉತ್ತರ ಬಂದರೆ ಕೇಳಿಸಿತು ಅಂತ ಅರ್ಥ.

ರಕ್ಷಣಾ ತಂಡದವರು ಸ್ವಯಂಸೇವಕರು, ದುಡ್ಡು ಕೇಳೋಲ್ಲ. ಆದರೆ ವಿಸಿಟರ್ ವೀಸಾದಲ್ಲಿರುವ ಅಪ್ಪನವರನ್ನು ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ ಬಿಲ್ಲು ಬರುತ್ತೆ. ಪ್ರಯಾಣ ವಿಮೆಯಲ್ಲಿ ಬೆಟ್ಟ ಹತ್ತೋದು ಸೇರಿದೆಯಾ, ಎಷ್ಟು ಎತ್ತರದ ತನಕ ಅಂತ ಓದಿ ನೋಡಿ.

ಸಂಜೆ ಬಂದ ಮೇಲೆ ಮೈಗೆ ಉಣ್ಣೆ ಹುಳ ಕಚ್ಚಿದೆಯಾ ನೋಡಿಕೊಳ್ಳಿ, ಟಿಕ್ ಅಂತಾರಲ್ಲ ಅದು. ಜರಿಗಿಡ, ಎತ್ತರದ ಹುಲ್ಲಿನಲ್ಲಿ ಇರುತ್ತೆ. ಮಂಡಿಯ ಹಿಂದೆ, ತೊಡೆಸಂದು, ಸೊಂಟಪಟ್ಟಿಯ ಕೆಳಗೆ ಹುಡುಕಿ. ಊರಿನ ಜಿಗಣೆಗೆ ಹಾಕಿದ ಹಾಗೆ ಉಪ್ಪು, ಸುಣ್ಣ, ಎಣ್ಣೆ ಹಾಕಬೇಡಿ, ಬೆಂಕಿ ತೋರಿಸಬೇಡಿ. ಚೂಪು ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ, ಹೊಟ್ಟೆ ಹಿಸುಕಬೇಡಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ಲೈಮ್ ಕಾಯಿಲೆ ಇರಬಹುದು, ಡಾಕ್ಟರಿಗೆ ತೋರಿಸಿ. ಅಪ್ಪನವರು ಅಷ್ಟರಲ್ಲಿ ಊರಿಗೆ ಹೋಗಿರ್ತಾರೆ, ಅಲ್ಲಿನ ಡಾಕ್ಟರಿಗೆ ವೇಲ್ಸಿನಲ್ಲಿ ಟಿಕ್ ಕಚ್ಚಿತ್ತು ಅಂತ ಬಾಯಿಬಿಟ್ಟು ಹೇಳಬೇಕು.

ಹ್ಲಿನ್ ಅಲ್ಲ ಲಿನ್

ಒಂದು ಸಣ್ಣ ಸೇರ್ಪಡೆ, ಬಸ್ ಡ್ರೈವರಿಗೆ ಊರ ಹೆಸರು ಹೇಳುವಾಗ ಬೇಕಾಗುತ್ತೆ. ನನ್ನ ಹೆಸರು ನೋಡಿ ನಗಬೇಡಿ, ಮೇಲಿನವರು ಬರೆದಿರೋದೇ ಸರಿ. ಎರಡು ಎಲ್ ಇದ್ದರೆ ನಾಲಿಗೆಯನ್ನು ‘ಲ’ ಅನ್ನುವ ಜಾಗದಲ್ಲೇ ಇಟ್ಟು, ದನಿ ಇಲ್ಲದೆ ಪಕ್ಕದಿಂದ ಉಸಿರು ಬಿಡಿ. ಡಬ್ಲ್ಯೂ ಎಷ್ಟೋ ಕಡೆ ಸ್ವರ, ‘ಉ’ ಅನ್ನಿ. ಎರಡು ಡಿ ಅಂದರೆ ಹೆಚ್ಚುಕಡಿಮೆ ನಮ್ಮ ‘ದ’. ಒಂದು ಎಫ್ ಅಂದರೆ ‘ವ’. ರಸ್ತೆ ಮೇಲೆ ‘ಅರವ್’ ಅಂತ ಬಿಳಿ ಅಕ್ಷರ ಕಂಡರೆ ಊರಿನ ಹೆಸರಲ್ಲ, ‘ನಿಧಾನ’ ಅಂತ. ನಕ್ಷೆ ಓದೋಕೂ ಇದು ಅನುಕೂಲ: ಹ್ಲಿನ್ ಕೆರೆ, ಬುಲ್ಖ್ ಎರಡು ಗುಡ್ಡದ ನಡುವಿನ ತಗ್ಗು, ಕುಮ್ ಬೋಗುಣಿಯಂಥ ಕಣಿವೆ, ಮೊಯೆಲ್ ಬೋಳುಗುಡ್ಡ, ಅವೊನ್ ನದಿ.

ಒಂದಕ್ಕಿಂತ ಹೆಚ್ಚು ದಿನ ಗಾಳಿ ಕೈಕೊಟ್ಟರೆ ಬೆದ್‌ಗೆಲರ್ಟ್‌ಗೆ ಹೋಗಿ ಅಬರ್‌ಗ್ಲಾಸ್ಲಿನ್ ಕಮರಿಯ ಪಕ್ಕ ನಡೆಯಿರಿ. ಮೀನುಗಾರರ ದಾರಿ ಅಂತಾರೆ, ಬಂಡೆಗೆ ಕೈಹಿಡಿಕೆ ಬಡಿದಿದ್ದಾರೆ, ನದಿ ತುಂಬಿ ಹರೀತಿದ್ದರೆ ಮಾತ್ರ ಬೇಡ. ಅಲ್ಲೇ ಗೆಲರ್ಟ್ ಅನ್ನುವ ನಾಯಿಯ ಸಮಾಧಿ ಇದೆ. ತೊಟ್ಟಿಲ ಮಗುವನ್ನು ತೋಳದಿಂದ ಕಾಪಾಡಿದ ನಾಯಿಯ ಬಾಯಲ್ಲಿ ರಕ್ತ ಕಂಡು ರಾಜ ಅದನ್ನೇ ಕೊಂದನಂತೆ. ತೋಳದ ಬದಲು ಹಾವು, ನಾಯಿಯ ಬದಲು ಮುಂಗುಸಿ ಹಾಕಿ, ಅಪ್ಪನವರೇ ನಿಮಗೆ ಚಿಕ್ಕಂದಿನಲ್ಲಿ ಹೇಳಿರುವ ಕಥೆ. ಸಮಾಧಿ 18ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಹೋಟೆಲಿನವನು ಗಿರಾಕಿ ಬರಲಿ ಅಂತ ಕಟ್ಟಿಸಿದ್ದು ಅನ್ನುತ್ತಾರೆ.

ಕಣಿವೆ ಕಡೆಯವ

ಬೂಟಿನ ಪ್ರಶ್ನೆ ಉಳಿದಿತ್ತು. ಹನ್ನೆರಡು ವರ್ಷದ, ಬಳಸದ ಬೂಟು ಬಳಸಿದ ಬೂಟಿಗಿಂತ ಕೆಟ್ಟದ್ದು. ಅಡಿಯ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಮೆತ್ತನೆಯ ಪಾಲಿಯುರೆಥೇನ್ ಪದರ ಇರುತ್ತೆ. ಗಾಳಿಯ ತೇವ ಅದನ್ನು ವರ್ಷಗಳಲ್ಲಿ ಒಳಗಿಂದಲೇ ಒಡೆಯುತ್ತೆ, ನಮ್ಮೂರಿನ ಮಳೆಗಾಲದ ಅಟ್ಟದ ಮೇಲೆ ಇನ್ನೂ ಬೇಗ. ಹೊರಗೆ ಏನೂ ಕಾಣೋಲ್ಲ. ನಡೆಯೋಕೆ ಶುರು ಮಾಡಿದ ಮೇಲೆ ಅದು ರಸ್ಕಿನಂತೆ ಪುಡಿಯಾಗಿ ಇಡೀ ಅಟ್ಟೆ ಕಳಚಿಕೊಳ್ಳುತ್ತೆ.

ಊರಿನಲ್ಲೇ ಪರೀಕ್ಷೆ ಮಾಡಲಿ. ಬೂಟಿನ ಪಕ್ಕದಲ್ಲಿ ಆ ನಡುಪದರಕ್ಕೆ ಹೆಬ್ಬೆರಳಿನ ಉಗುರು ಒತ್ತಲಿ. ಗುಳಿ ಬಿದ್ದು ಮತ್ತೆ ಮೇಲೆ ಬಂದರೆ ಜೀವ ಇದೆ. ಬಿರುಕು ಬಿಟ್ಟರೆ, ಪುಡಿ ಉದುರಿದರೆ, ಉಗುರಿನ ಗುರುತು ಹಾಗೇ ಉಳಿದರೆ ಎಸೆಯಲಿ. ಹೊಸದು ಇಲ್ಲಿ ಬಂದ ಮೇಲೆ ಆಗಸ್ಟಿನಲ್ಲೇ ಕೊಳ್ಳಿ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಬೇಕು. ಲೇಸು ಬಿಚ್ಚಿ ಬೆರಳು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವಷ್ಟು ಜಾಗ ಇರಲಿ. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಕೆಳಮುಖವಾಗಿ ನಿಲ್ಲಿಸಿ. ಹೆಬ್ಬೆರಳು ಮುಂದೆ ತಾಗಿದರೆ ಅರ್ಧ ಸೈಜು ದೊಡ್ಡದು ಕೇಳಿ, ಇಲ್ಲದಿದ್ದರೆ ಹ್ಲಾನ್‌ಬೆರಿಸ್ ತಲುಪುವಷ್ಟರಲ್ಲಿ ಉಗುರು ಕಪ್ಪಾಗಿರುತ್ತೆ. ಆಮೇಲೆ ಹೊರಡುವ ತನಕ ದಿನದ ಐದಾರು ಕಿಲೋಮೀಟರನ್ನು ಅದರಲ್ಲೇ ನಡೀಲಿ.